ಮೊದಲ ದಿನ ಮುಟ್ಟಬೇಡಿ, ಎರಡನೇ ದಿನ ಬಿಡಬೇಡಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಉಳಿದ ತಿಂಗಳುಗಳಲ್ಲಿ ಹುಳುಕು ಹಲ್ಲು, ವಸಡಿನ ರಕ್ತ, ಬಾಯಿ ವಾಸನೆ. ಏಪ್ರಿಲ್, ಮೇ ಬಂದರೆ ಮಕ್ಕಳ ಕ್ಲಿಪ್ಪಿನದೇ ಮಾತು. ಶಾಲೆ ತಪ್ಪಬಾರದೆಂದು ತಂದೆತಾಯಿ ರಜೆಯಲ್ಲೇ ಕ್ಲಿಪ್ ಹಾಕಿಸಲು ಹೊರಡುತ್ತಾರೆ. ಅದಕ್ಕೆ ಮೊದಲು ಕೆಲವರಿಗೆ ಹಲ್ಲು ಕೀಳಿಸಬೇಕಾಗುತ್ತದೆ, ಇನ್ನು ಕೆಲವರಿಗೆ ವಸಡಿನೊಳಗೆ ಸಿಕ್ಕಿಕೊಂಡ ಕೋರೆಹಲ್ಲಿಗೆ ದಾರಿ ಮಾಡಿಕೊಡುವ ಸಣ್ಣ ಆಪರೇಷನ್ ಆಗಬೇಕಾಗುತ್ತದೆ. ಆಪರೇಷನ್ ಆದ ರಾತ್ರಿ ಮನೆಯಲ್ಲಿ ಹುಟ್ಟುವ ಪ್ರಶ್ನೆಗಳೇ ನನಗೆ ಪತ್ರವಾಗಿ ಬರುತ್ತವೆ. ರಕ್ತ ನಿಲ್ಲುತ್ತಿಲ್ಲ, ಏನು ಮಾಡಲಿ? ಮುಖ ಊದಿದೆ, ಸೆಪ್ಟಿಕ್ ಆಯಿತೇ? ಬ್ರಷ್ ಮಾಡಿಸಬಹುದೇ? ಅನ್ನ ಕೊಡಬಹುದೇ?

ಇಪ್ಪತ್ತೆರಡು ವರ್ಷಗಳಿಂದ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡುತ್ತಿದ್ದೇನೆ. ಮಕ್ಕಳ ಬಾಯಿಯ ಗಾಯ ಅಲಕ್ಷ್ಯದಿಂದ ಕೆಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಅಕ್ಕರೆಯಿಂದ, ಆತಂಕದಿಂದ ಕೆಟ್ಟದ್ದೇ ಹೆಚ್ಚು. ಮೊದಲ ದಿನ ಗಾಯವನ್ನು ಅದರ ಪಾಡಿಗೆ ಬಿಡಬೇಕು. ಆದರೆ ಅವತ್ತೇ ಮನೆಯವರು ಮಗುವಿಗೆ ಹತ್ತು ಸಲ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಎರಡನೇ ದಿನದಿಂದ ಬಾಯನ್ನು ದಿನಾ ಚೊಕ್ಕಟ ಮಾಡಬೇಕು. ಆದರೆ ಅವತ್ತಿನಿಂದ ಆ ಜಾಗ ಮುಟ್ಟಲು ಹೆದರಿ ವಾರಗಟ್ಟಲೆ ಬ್ರಷ್ ಹಿಡಿಯುವುದೇ ಇಲ್ಲ. ಮಾಡಬೇಕಾದ್ದೆಲ್ಲ ಮಾಡುತ್ತಾರೆ, ದಿನ ಮಾತ್ರ ತಿರುವುಮುರುವು. ಈ ವಾರ ಅದೊಂದನ್ನೇ ಬಿಡಿಸಿ ಹೇಳುತ್ತೇನೆ.

ಅದಕ್ಕೆ ಮೊದಲು, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಅಳುಕಿಗೆ ಉತ್ತರ. ಹುಳುಕಿಲ್ಲದ ಒಳ್ಳೆಯ ಹಲ್ಲನ್ನೇಕೆ ಕೀಳಬೇಕು? ಈ ಪ್ರಶ್ನೆಯನ್ನು ಡಾಕ್ಟರುಗಳೇ ನೂರು ವರ್ಷದ ಹಿಂದೆ ಕೇಳಿಕೊಂಡು ಜಗಳಾಡಿದ್ದಾರೆ. ಸೊಟ್ಟ ಹಲ್ಲು ನೇರ ಮಾಡುವ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟ ಅಮೆರಿಕದ ಎಡ್ವರ್ಡ್ ಆಂಗಲ್, ಒಂದು ಹಲ್ಲನ್ನೂ ಕೀಳಬಾರದೆಂದು ಹಟ ಹಿಡಿದವರು. 1911ರಲ್ಲಿ ಕ್ಯಾಲ್ವಿನ್ ಕೇಸ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಕೊನೆಗೆ ಆಂಗಲ್ ಅವರದೇ ಶಿಷ್ಯ ಚಾರ್ಲ್ಸ್ ಟ್ವೀಡ್, ಹಲ್ಲು ಕೀಳದೆ ಚಿಕಿತ್ಸೆ ಮಾಡಿದ್ದ ತಮ್ಮದೇ ರೋಗಿಗಳ ಹಲ್ಲುಗಳು ಮತ್ತೆ ಮುಂದೆ ಬಂದು ಕೆಟ್ಟದ್ದನ್ನು ನೋಡಿ, ಕೋರೆಹಲ್ಲಿನ ಹಿಂದಿನ ನಾಲ್ಕು ಸಣ್ಣ ದವಡೆ ಹಲ್ಲುಗಳನ್ನು ತೆಗೆದು ಅವರಿಗೆ ಮತ್ತೊಮ್ಮೆ ಚಿಕಿತ್ಸೆ ಕೊಟ್ಟು ತೋರಿಸಿದರು. ದವಡೆ ಚಿಕ್ಕದು, ಹಲ್ಲು ದೊಡ್ಡದು ಆದಾಗ ಜಾಗ ಎಲ್ಲಿಂದಲಾದರೂ ಬರಲೇಬೇಕು. ಎಲ್ಲ ಮಕ್ಕಳಿಗೂ ಕೀಳಬೇಕಿಲ್ಲ. ಎಕ್ಸ್‌ರೇ, ಅಚ್ಚು ನೋಡಿ ಲೆಕ್ಕ ಹಾಕಿಯೇ ನಿರ್ಧರಿಸುತ್ತಾರೆ, ಆ ಲೆಕ್ಕವನ್ನು ವಿವರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಮೊದಲ ದಿನ. ಹಲ್ಲು ಕಿತ್ತ ಜಾಗದಲ್ಲಿ ಮೂಳೆಯ ನಡುವೆ ಒಂದು ಕುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ, ಹಾಲು ಮೊಸರಾಗುವಂತೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯಕ್ಕೆ ಮುಚ್ಚಳ, ಅದೇ ಮುಂದೆ ಬೆಳೆಯಬೇಕಾದ ಮೂಳೆಗೆ ತಳಹದಿ. ಹೆಪ್ಪು ಹಾಕಿದ ಪಾತ್ರೆಯನ್ನು ಯಾರಾದರೂ ಗಳಿಗೆಗೊಮ್ಮೆ ಅಲುಗಾಡಿಸಿ ನೋಡುತ್ತಾರೆಯೇ? ಇಲ್ಲೂ ಅಷ್ಟೆ. ಕಚ್ಚಿಕೊಳ್ಳಲು ಕೊಟ್ಟ ಹತ್ತಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಸಾಕು. ನಡುನಡುವೆ ತೆಗೆದು ನೋಡುವುದು, ಬದಲಾಯಿಸುವುದು, ಟಾರ್ಚ್ ಬಿಟ್ಟು ಇಣುಕುವುದು ಬೇಡ. ಪ್ರತಿ ಸಲ ಹತ್ತಿ ಎಳೆದಾಗಲೂ ಆಗತಾನೇ ಹಿಡಿದುಕೊಂಡ ಹೆಪ್ಪು ಅದರ ಜೊತೆ ಕಿತ್ತು ಬರುತ್ತದೆ.

ರಾತ್ರಿ ಬರುವ ಫೋನಿನಲ್ಲಿ ಹತ್ತರಲ್ಲಿ ಎಂಟು ಸಲ ಒಂದೇ ಮಾತು: "ಮೇಡಂ, ಉಗುಳಿದ್ದೆಲ್ಲ ಕೆಂಪಗೇ ಬರಾಕತ್ತೈತಿ." ಉಗುಳುವುದನ್ನು ನಿಲ್ಲಿಸಿ ನುಂಗಲು ಹೇಳಿ ಎನ್ನುತ್ತೇನೆ. ಒಂದು ಹನಿ ರಕ್ತ ಬಾಯಿತುಂಬ ಜೊಲ್ಲಿನಲ್ಲಿ ಬೆರೆತರೆ ನೋಡುವವರಿಗೆ ಬೇಸಿನ್ ತುಂಬ ರಕ್ತ ಹರಿದಂತೆ ಕಾಣುತ್ತದೆ. ಮೊದಲ 24 ಗಂಟೆ ಜೊಲ್ಲು ನಸುಗೆಂಪಾಗಿರುವುದು ಸಹಜ. ಉಗುಳುವಾಗ ಬಾಯೊಳಗೆ ಎಳೆತ ಹುಟ್ಟುತ್ತದೆ, ಆ ಎಳೆತಕ್ಕೆ ಹೆಪ್ಪು ಸಡಿಲಾಗುತ್ತದೆ, ಮತ್ತೆ ರಕ್ತ ಜಿನುಗುತ್ತದೆ, ಮತ್ತೆ ಉಗುಳುತ್ತಾರೆ. ನಿಜವಾಗಿಯೂ ರಕ್ತ ಬರುತ್ತಿದ್ದರೆ ಚೊಕ್ಕಟವಾದ ಗಾಜ್ ಬಟ್ಟೆಯನ್ನೋ, ಕುದಿಸಿ ಆರಿಸಿದ ಹತ್ತಿ ಬಟ್ಟೆಯನ್ನೋ ಮಡಚಿ, ಸ್ವಲ್ಪ ಒದ್ದೆ ಮಾಡಿ, ಸರಿಯಾಗಿ ಗಾಯದ ಮೇಲೆ ಇಟ್ಟು ಅರ್ಧ ಗಂಟೆ ಕಚ್ಚಿಸಿ. ಗಡಿಯಾರ ನೋಡಿಕೊಂಡೇ ಕಚ್ಚಿಸಿ. ಆತಂಕದಲ್ಲಿರುವವರಿಗೆ ಐದು ನಿಮಿಷವೇ ಅರ್ಧ ಗಂಟೆಯಂತೆ ಅನ್ನಿಸುತ್ತದೆ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದನ್ನೂ ತುಂಬಬೇಡಿ. ಲವಂಗದ ಎಣ್ಣೆಯನ್ನೂ ಹಸಿ ಗಾಯಕ್ಕೆ ಬಿಡಬೇಡಿ, ಅದು ಸುಡುತ್ತದೆ.

ಇನ್ನೊಂದು ನಮ್ಮ ಕಡೆಯ ವಿಶೇಷ. ಹುಷಾರಿಲ್ಲ ಅಂದರೆ ನೆಂಟರು ಎಳನೀರು ಹಿಡಿದು ಬರುತ್ತಾರೆ. ಎಳನೀರು ಒಳ್ಳೆಯದೇ, ಅದರ ಸ್ಟ್ರಾ ಮಾತ್ರ ಕೆಟ್ಟದ್ದು. ಸ್ಟ್ರಾದಲ್ಲಿ ಹೀರುವುದೂ ಉಗುಳಿದ ಹಾಗೆಯೇ, ಹೆಪ್ಪನ್ನು ಎಳೆಯುತ್ತದೆ. ಲೋಟಕ್ಕೆ ಬಗ್ಗಿಸಿ ಕುಡಿಸಿ. ಕೊಳಲು ಕಲಿಯುವ ಮಕ್ಕಳಿಗೆ ಒಂದು ವಾರ ರಜೆ ಕೊಡಿ, ಹುಟ್ಟುಹಬ್ಬದ ಬಲೂನು ಊದುವ ಕೆಲಸವನ್ನೂ ಬೇರೆಯವರು ಮಾಡಲಿ. ಈಜು, ಕ್ರಿಕೆಟ್, ಓಟ ಎರಡು ಮೂರು ದಿನವಾದರೂ ಬೇಡ.

ಇಂಜೆಕ್ಷನ್ನಿನ ಜೋಮು ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಚಿಕ್ಕ ಮಕ್ಕಳ ವಿಷಯದಲ್ಲಿ ನನಗೆ ಹಲ್ಲಿನ ಗಾಯಕ್ಕಿಂತ ಹೆಚ್ಚು ಚಿಂತೆ ಈ ಹೊತ್ತಿನದು. ತುಟಿ ದಪ್ಪಗಾದಂತೆ, ತನ್ನದಲ್ಲದಂತೆ ಅನ್ನಿಸುತ್ತದೆ. ಮಗು ಅದನ್ನು ಜಗಿದು ಜಗಿದು ನೋಡುತ್ತದೆ. ಜೋಮು ಇಳಿಯುವ ಹೊತ್ತಿಗೆ ತುಟಿಯ ಒಳಗೆಲ್ಲ ಹುಣ್ಣು. ಅಷ್ಟು ಹೊತ್ತು ಯಾರಾದರೊಬ್ಬರು ಪಕ್ಕದಲ್ಲಿ ಕೂತಿರಿ, ಬಿಸಿ ಹಾಲು, ಬಿಸಿ ಸಾರು ಏನನ್ನೂ ಕೊಡಬೇಡಿ. ನೋವಿನ ಮಾತ್ರೆಯನ್ನು ಜೋಮು ಪೂರ್ತಿ ಇಳಿಯುವ ಮೊದಲೇ ಕೊಡಿ. ನೋವು ಏರಿದ ಮೇಲೆ ಅದನ್ನು ಇಳಿಸುವುದು ಕಷ್ಟ. ಹೆಚ್ಚಿನ ಮಕ್ಕಳಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಒಂದು ಕಿಲೋ ತೂಕಕ್ಕೆ ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ 6 ಗಂಟೆ. ಹಲ್ಲು ಜರುಗಲು ಮೂಳೆಯಲ್ಲಿ ಸ್ವಲ್ಪ ಉರಿಯೂತ ಬೇಕೇ ಬೇಕು, ಐಬುಪ್ರೊಫೆನ್‌ನಂಥ ಮಾತ್ರೆಗಳು ಅದನ್ನೇ ತಗ್ಗಿಸುತ್ತವೆ. ಆದ್ದರಿಂದ ಕ್ಲಿಪ್ ಇರುವವರಿಗೆ ಅದನ್ನು ದಿನಗಟ್ಟಲೆ ಕೊಡುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಆರೋಗ್ಯವಂತ ಮಗುವಿಗೆ ಸರಳವಾಗಿ ಹಲ್ಲು ಕಿತ್ತ ಮೇಲೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಡಿಸುವುದನ್ನು ದಯವಿಟ್ಟು ಬಿಡಿ. ಬೇಕಾದವರಿಗೆ ಡಾಕ್ಟರೇ ಬರೆದುಕೊಡುತ್ತಾರೆ, ಬರೆದುಕೊಟ್ಟರೆ ಅರ್ಧಕ್ಕೆ ನಿಲ್ಲಿಸಬೇಡಿ.

ಮೊದಲ ದಿನ ಕೆನ್ನೆಯ ಹೊರಗೆ, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಟ್ಟು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡಬಹುದು. ರಾತ್ರಿ ಇನ್ನೊಂದು ದಿಂಬು ಸೇರಿಸಿ ತಲೆ ಎತ್ತರಿಸಿ ಮಲಗಿಸಿ. ಅಷ್ಟೆಲ್ಲ ಮಾಡಿದರೂ ಬಾವು ಬಂದೇ ಬರುತ್ತದೆ, ಅದು ಏರುವುದು ಎರಡನೇ ಅಥವಾ ಮೂರನೇ ದಿನಕ್ಕೆ. ಆಪರೇಷನ್ ಆದ ಸಂಜೆ ಚೆನ್ನಾಗಿದ್ದ ಮಗು ಮರುದಿನವೋ ಅದರ ಮರುದಿನವೋ ಊದಿದ ಕೆನ್ನೆ ಹೊತ್ತು ಏಳುವುದನ್ನು ಕಂಡು ತಾಯಂದಿರು ಕಂಗಾಲಾಗುತ್ತಾರೆ. ಬಾವು ಮೂರನೇ ದಿನದವರೆಗೆ ಏರಿ, ಆಮೇಲೆ ಇಳಿಯುತ್ತಾ ಬಂದರೆ ಅದು ಗಾಯ ಮಾಯುವ ಕ್ರಮ. ಮೂರನೇ ದಿನದ ನಂತರವೂ ಏರುತ್ತಲೇ ಹೋದರೆ ಆಗ ಹೊರಡಿ.

ಎರಡನೇ ದಿನದ ಮಾತಿಗೆ ಬರುವ ಮೊದಲು ಒಂದು ಹಳೆಯ ಘಟನೆ ಹೇಳಬೇಕು. ನಾನು ಪ್ರಾಕ್ಟೀಸ್ ಶುರು ಮಾಡಿ ಐದಾರು ವರ್ಷವಾಗಿತ್ತು. ಹದಿಮೂರು ವರ್ಷದ ಹುಡುಗಿ, ಮೇಲಿನ ಎಡ ಕೋರೆಹಲ್ಲು ಅಂಗುಳದ ಕಡೆ ಅಡ್ಡಲಾಗಿ ಹುದುಗಿತ್ತು. ಮೇಲಿನ ಕೋರೆಹಲ್ಲು ಹುಟ್ಟುವುದು ಮೂಗಿನ ಪಕ್ಕ, ಬಹಳ ಎತ್ತರದಲ್ಲಿ. ಅಲ್ಲಿಂದ ಇಳಿದು ಬರಲು ಉಳಿದೆಲ್ಲ ಮುಂದಿನ ಹಲ್ಲುಗಳಿಗಿಂತ ದೂರದ ದಾರಿ. ಸಾಮಾನ್ಯವಾಗಿ 11ರಿಂದ 13 ವರ್ಷದೊಳಗೆ ಕಾಣಿಸಿಕೊಳ್ಳಬೇಕು, ನೂರರಲ್ಲಿ ಸುಮಾರು ಇಬ್ಬರಿಗೆ ದಾರಿ ತಪ್ಪಿ ಒಳಗೇ ಉಳಿಯುತ್ತದೆ. ಅವಳ ಅಂಗುಳದ ವಸಡಿನಲ್ಲಿ ಕಿಟಕಿ ತೆಗೆದು, ಹಲ್ಲಿನ ತುದಿ ಕಾಣುವಂತೆ ಮಾಡಿ, ಮೇಲೆ ಮೇಣದಂಥ ಪ್ಯಾಕ್ ಮೆತ್ತಿ ಕಳಿಸಿದೆ. ಹತ್ತು ದಿನಕ್ಕೆ ಪ್ಯಾಕ್ ತೆಗೆದಾಗ ಎಲ್ಲವೂ ಚೆನ್ನಾಗಿತ್ತು. "ಆ ಜಾಗ ಹುಷಾರು, ಪೆಟ್ಟು ಮಾಡಿಕೊಳ್ಳಬೇಡ" ಎಂದಷ್ಟೇ ಹೇಳಿದೆ. ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದಳು. ಆ ಬದಿಗೆ ಬ್ರಷ್ ತಾಗಿಸಲೇ ಇಲ್ಲ. ಊರಿನ ಜಾತ್ರೆ, ಬಸ್ಸಿನ ತೊಂದರೆ ಎಂದು ಮುಂದಿನ ಭೇಟಿ ತಪ್ಪಿತು. ಐದು ವಾರ ಬಿಟ್ಟು ಬಂದಾಗ ವಸಡು ಕೆಂಪಗೆ ಊದಿಕೊಂಡು ಹಲ್ಲನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಇನ್ನೊಮ್ಮೆ ಇಂಜೆಕ್ಷನ್, ಇನ್ನೊಮ್ಮೆ ಕತ್ತರಿ. ಅವಳು ಅಳಲಿಲ್ಲ. "ನಾನು ಮುಟ್ಟಲೇ ಇಲ್ಲವಲ್ಲ ಮೇಡಂ" ಎಂದು ಮಾತ್ರ ಕೇಳಿದಳು. ತಪ್ಪು ಅವಳದಲ್ಲ, ಅರ್ಧ ಮಾತು ಹೇಳಿ ಕಳಿಸಿದ ನನ್ನದು. ಅಂದಿನಿಂದ ಮೊದಲ ದಿನದ್ದು ಬೇರೆ, ಎರಡನೇ ದಿನದ್ದು ಬೇರೆ ಎಂದು ಎರಡು ಚೀಟಿ ಮಾಡಿ, ಕನ್ನಡದಲ್ಲಿ ಬರೆದು ಕೊಡುತ್ತೇನೆ. ಎಷ್ಟೋ ಕಡೆ ಇವತ್ತಿಗೂ ಅಚ್ಚಾದ ಇಂಗ್ಲಿಷ್ ಹಾಳೆ ಕೊಟ್ಟು ಕಳಿಸುತ್ತಾರೆ. ಓದಲಾಗದ ಹಾಳೆಯಿಂದ ಗಾಯ ಮಾಯುವುದಿಲ್ಲ, ಈ ವಿಷಯದಲ್ಲಿ ನಮ್ಮ ವೃತ್ತಿಯವರು ಬದಲಾಗಲೇಬೇಕು.

ಆ ಚೀಟಿಯಲ್ಲಿ ಇರುವುದು ಇಷ್ಟು. ಮರುದಿನ ಬೆಳಗ್ಗೆಯಿಂದ ಮೆತ್ತನೆ ಬ್ರಷ್‌ನಲ್ಲಿ ಎಲ್ಲ ಹಲ್ಲುಗಳನ್ನೂ ಉಜ್ಜಬೇಕು. ಹಲ್ಲು ಕಿತ್ತ ಕುಳಿಯ ಒಳಗೆ ಬ್ರಷ್ ಹೋಗಬಾರದು, ಆದರೆ ಅಕ್ಕಪಕ್ಕದ ಹಲ್ಲುಗಳನ್ನು ಬಿಡಬಾರದು. ಪ್ಯಾಕ್ ಮೆತ್ತಿದ್ದರೆ ಅದರ ಮೇಲೆ ಉಜ್ಜುವುದು ಬೇಡ, ಪ್ಯಾಕ್ ತೆಗೆದ ಮೇಲೆ ತೆರೆದ ಕೋರೆಹಲ್ಲನ್ನು ದಿನಕ್ಕೆರಡು ಸಲ ಉಜ್ಜಲೇಬೇಕು. ಅಲ್ಲಿ ಕೊಳೆ ಕೂತರೆ ವಸಡು ಊದುತ್ತದೆ, ಊದಿದ ವಸಡು ಹಲ್ಲನ್ನು ಮತ್ತೆ ನುಂಗುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟ ತಿಂಡಿ ಆದಾಗಲೆಲ್ಲ ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆಚೀಚೆ ವಾಲಿಸಿದರೆ ಸಾಕು. ಗುಳುಗುಳು ಎಂದು ಜೋರಾಗಿ ಮುಕ್ಕಳಿಸಬೇಕಿಲ್ಲ, ಬಾಯಿ ತೆರೆದು ನೀರು ತಾನಾಗಿ ಬೀಳಲು ಬಿಡಿ. ಒಂದು ವಾರ ಇದನ್ನು ಮಾಡಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟಿದ್ದರೆ, ಪೇಸ್ಟಿನಲ್ಲಿ ಉಜ್ಜಿದ ತಕ್ಷಣ ಅದನ್ನು ಬಳಸಬೇಡಿ. ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುತ್ತದೆ, ಅರ್ಧ ಗಂಟೆ ಬಿಡಿ. ಅದನ್ನು ಬಳಸಿದ ಬೆನ್ನಿಗೆ ಕಾಫಿ, ಚಹಾ ಕುಡಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಡಾಕ್ಟರು ಹೇಳಿದ ದಿನ ಮೀರಿ ಮುಂದುವರಿಸಬೇಡಿ.

ಮೂರು ನಾಲ್ಕು ದಿನಕ್ಕೆ ಗಾಯದ ಮೇಲೆ ಬಿಳಿ, ಹಳದಿ ಬಣ್ಣದ ಪದರ ಕಾಣಿಸುತ್ತದೆ. ಅದು ಕೀವಲ್ಲ. ಚರ್ಮದ ಗಾಯಕ್ಕೆ ಹಕ್ಕಳೆ ಕಟ್ಟಿದ ಹಾಗೆ, ಸದಾ ಒದ್ದೆಯಾಗಿರುವ ಬಾಯಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಹತ್ತಿಯಲ್ಲಿ ಒರೆಸಿ ತೆಗೆದ ತಾಯಿಯೊಬ್ಬರು "ಕೀವೆಲ್ಲ ಕ್ಲೀನ್ ಮಾಡಿದೆ" ಎಂದಾಗ ನನಗೆ ಸಂಕಟವಾಯಿತು. ಅವರು ಅಷ್ಟು ಜೋಪಾನದಿಂದ ತೆಗೆದದ್ದು ಮಗುವಿನ ಹೊಸ ಅಂಗಾಂಶವನ್ನು.

ಕೋರೆಹಲ್ಲಿನ ಇನ್ನೊಂದು ಬಗೆಯ ಆಪರೇಷನ್ನಿನಲ್ಲಿ ಹಲ್ಲಿಗೆ ಸಣ್ಣ ಗುಂಡಿ ಅಂಟಿಸಿ, ಅದಕ್ಕೊಂದು ತೆಳು ಸರಪಳಿ ಕಟ್ಟಿ, ವಸಡನ್ನು ಮತ್ತೆ ಮುಚ್ಚಿ ಹೊಲಿಗೆ ಹಾಕುತ್ತಾರೆ. ಸರಪಳಿಯ ತುದಿ ಮಾತ್ರ ಹೊರಗೆ ಇಣುಕುತ್ತದೆ, ಮುಂದೆ ಅದನ್ನು ಹಿಡಿದೇ ಹಲ್ಲನ್ನು ನಿಧಾನವಾಗಿ ಕೆಳಗೆ ಎಳೆಯುವುದು. ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಒರಟು ಮಾಡಿ ಅಂಟಿಸುವ ಈ ಉಪಾಯ ಕಂಡುಹಿಡಿದವರು ಮೈಕೇಲ್ ಬುವೊನೊಕೋರ್, 1955ರಲ್ಲಿ. ಆ ಅಂಟು ಹಿಡಿಯಲು ಹಲ್ಲು ಪೂರ್ತಿ ಒಣಗಿರಬೇಕು. ರಕ್ತ ಜಿನುಗುವ ಗಾಯದೊಳಗೆ ಹಲ್ಲನ್ನು ಒಣಗಿಸಿ ಅಂಟಿಸುವುದು ಎಂಥ ಕುಶಲ ಡಾಕ್ಟರಿಗೂ ಕಷ್ಟದ ಕೆಲಸ. ಆದ್ದರಿಂದ ಆ ಸರಪಳಿಯನ್ನು ನಾಲಿಗೆಯಿಂದ ಮೀಟಬಾರದು, ಬೆರಳಿನಿಂದ ಎಳೆಯಬಾರದು. ಅದು ಕಿತ್ತು ಬಂದರೆ ಮತ್ತೆ ಅಂಟಿಸಲು ವಸಡು ಬಿಡಿಸಲೇಬೇಕಾಗುತ್ತದೆ. ತಂತಿಗೆ ಕಟ್ಟಿದ ತುದಿ ಬಿಚ್ಚಿಕೊಂಡು ಸರಪಳಿ ನೇತಾಡುತ್ತಿದ್ದರೆ ಅದೇ ದಿನ ಫೋನ್ ಮಾಡಿ. ಪೂರ್ತಿ ಕೈಗೆ ಬಂದರೆ ಡಬ್ಬಿಯಲ್ಲಿ ಹಾಕಿ ತನ್ನಿ, ಎಲ್ಲಿ ಬಿಟ್ಟಿತೆಂದು ತಿಳಿಯಲು ನಮಗೆ ಅದು ಬೇಕು. ಹೊಲಿಗೆಯ ವಿಷಯವನ್ನೂ ಕೇಳಿಕೊಂಡೇ ಮನೆಗೆ ಹೋಗಿ. ಕೆಲವು ದಾರ ತಾನಾಗಿ ಕರಗುತ್ತವೆ, ಕಪ್ಪು ರೇಷ್ಮೆ ದಾರವನ್ನು ಒಂದು ವಾರಕ್ಕೆ ಬಂದು ತೆಗೆಸಬೇಕು.

ಹಲ್ಲು ಎಳೆಯಲು ಆಸರೆಯಾಗಿ ಕೆಲವರಿಗೆ ಮೂಳೆಗೆ ಹಾಕುವ ಪುಟ್ಟ ಸ್ಕ್ರೂಗಳಿಗೆ ಹೊಲಿಗೆ ಇರುವುದಿಲ್ಲ, ನೋವೂ ಕಡಿಮೆ. ಸುತ್ತಲಿನ ವಸಡನ್ನು ಚೊಕ್ಕಟವಾಗಿಟ್ಟರೆ ನಿಲ್ಲುತ್ತವೆ, ಇಲ್ಲದಿದ್ದರೆ ಸಡಿಲಾಗುತ್ತವೆ.

ಊಟದ ಬಗ್ಗೆ ನಮ್ಮ ಮನೆಗಳಲ್ಲಿ ಪಥ್ಯದ ಹೆಸರಿನಲ್ಲಿ ಮಗುವನ್ನು ಉಪವಾಸ ಕೆಡವುವುದುಂಟು. ಗಾಯ ಮಾಯಲು ಊಟವೇ ಬೇಕು. ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಬೇಳೆ ಕಟ್ಟಿನ ಗಂಜಿ, ಬಾಳೆಹಣ್ಣು, ತಿನ್ನುವವರಿಗೆ ಬೇಯಿಸಿದ ಮೊಟ್ಟೆ, ಎಲ್ಲವೂ ಆಗುತ್ತದೆ. ಮೊಸರಿನಿಂದ ಗಾಯ ಕೀವಾಗುತ್ತದೆ ಎಂಬುದು ಸುಳ್ಳು. ಮೊದಲ ದಿನ ತಣ್ಣಗಿನದು, ಆಮೇಲೆ ಉಗುರುಬೆಚ್ಚಗಿನದು. ಖಡಕ್ ರೊಟ್ಟಿ, ಚಕ್ಕುಲಿ, ಶೇಂಗಾ, ಎಳ್ಳಿನ ಚಟ್ನಿಪುಡಿ ಒಂದು ವಾರ ಬೇಡ, ಕಾಳು, ಚೂರು ಕುಳಿಯಲ್ಲಿ ಹೋಗಿ ಕೂರುತ್ತವೆ. ನಮ್ಮೂರಿನ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಮಂಡಕ್ಕಿ ಮಿರ್ಚಿ ಬಿಡುವುದು. ಬೆಣ್ಣೆದೋಸೆಯ ಮೆತ್ತನೆ ನಡುಭಾಗವನ್ನು ಆರಿಸಿ, ಚಟ್ನಿ ಇಲ್ಲದೆ, ಮೂರನೇ ದಿನಕ್ಕೆ ಕೊಡಬಹುದು ಎಂದರೆ ಅವರ ಕಣ್ಣು ಅರಳುತ್ತದೆ.

ಈಗ ಕ್ಲಿಪ್ ಹಾಕಿಸುವವರು ಮಕ್ಕಳಷ್ಟೇ ಅಲ್ಲ, ಇಪ್ಪತ್ತೈದರ ಯುವಕರೂ ಬರುತ್ತಾರೆ, ಬುದ್ಧಿಹಲ್ಲು ಕೀಳಿಸಿಕೊಳ್ಳುತ್ತಾರೆ. ಅವರಿಗೆ ನನ್ನದೊಂದು ಕಳಕಳಿಯ ಮಾತು: ಸಿಗರೇಟು, ಗುಟ್ಕಾ ಬೇಡ. ಹೆಪ್ಪು ಕಳಚಿ ಕುಳಿಯ ಮೂಳೆ ಬತ್ತಲಾದರೆ ಡ್ರೈ ಸಾಕೆಟ್ ಆಗುತ್ತದೆ. 1896ರಲ್ಲೇ ಕ್ರಾಫರ್ಡ್ ಎಂಬ ಅಮೆರಿಕದ ದಂತವೈದ್ಯರು ಈ ಹೆಸರಿನಲ್ಲಿ ಅದನ್ನು ವರ್ಣಿಸಿದ್ದರು. ಕಡಿಮೆಯಾಗುತ್ತಿದ್ದ ನೋವು ಮೂರನೇ ದಿನದ ಹೊತ್ತಿಗೆ ತಿರುಗಿ ಏರಿ, ಕಿವಿಯವರೆಗೆ ಎಳೆದು, ಬಾಯಿ ನಾರತೊಡಗಿದರೆ ಅದೇ. ಚಿಕ್ಕ ಮಕ್ಕಳಲ್ಲಿ ಅಪರೂಪ, ಕೆಳಗಿನ ಬುದ್ಧಿಹಲ್ಲು ಕೀಳಿಸಿದವರಲ್ಲಿ, ಹೊಗೆ ಸೇದುವವರಲ್ಲಿ ಹೆಚ್ಚು. ಮಾತ್ರೆ ನುಂಗುತ್ತಾ ಸಹಿಸಿಕೊಂಡು ಕೂರಬೇಡಿ, ಡಾಕ್ಟರ ಬಳಿ ಹೋಗಿ ಕುಳಿ ತೊಳೆಸಿ ಔಷಧ ಇಡಿಸಿದರೆ ಬೇಗ ಉಪಶಮನವಾಗುತ್ತದೆ. ಎರಡು ಸಲ ಅರ್ಧರ್ಧ ಗಂಟೆ ಬಿಗಿಯಾಗಿ ಕಚ್ಚಿದರೂ ರಕ್ತ ನಿಲ್ಲದಿದ್ದರೆ, 101 ಡಿಗ್ರಿ ಮೀರಿ ಜ್ವರ ಬಂದರೆ, ತುಟಿಯ ಜೋಮು ಮರುದಿನವೂ ಇಳಿಯದಿದ್ದರೆ ಆಪರೇಷನ್ ಮಾಡಿದವರಿಗೆ ತಿಳಿಸಲೇಬೇಕು. ನುಂಗಲು ಕಷ್ಟ, ಉಸಿರಾಟಕ್ಕೆ ತೊಂದರೆ, ಬಾವು ಕುತ್ತಿಗೆಗೆ ಇಳಿಯುತ್ತಿದೆ ಎಂದರೆ ಬೆಳಗಾಗಲೆಂದು ಕಾಯದೆ ನೇರ ದೊಡ್ಡಾಸ್ಪತ್ರೆಗೆ ಹೊರಡಿ.

ಆ ಹುಡುಗಿಯ ನಂತರ ಇನ್ನೊಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಆಪರೇಷನ್ ಆದ ಮರುದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ನಾನೇ ಫೋನ್ ಮಾಡಿ, ಫೋನನ್ನು ಮಗುವಿನ ಕೈಗೆ ಕೊಡಿ ಎನ್ನುತ್ತೇನೆ. ಹೋದ ವಾರ ಹೀಗೆ ಮಾಡಿದಾಗ ಹನ್ನೆರಡು ವರ್ಷದ ಹುಡುಗನೊಬ್ಬ ಮೆಲ್ಲಗೆ ಹೇಳಿದ: "ಬ್ರಷ್ ಮಾಡ್ದೆ ಮೇಡಂ, ಒಂಚೂರು ರಕ್ತ ಬಂತು, ಅವ್ವ ಸಾಕು ಬಿಡು ಅಂದ್ಳು." ಅಷ್ಟು ರಕ್ತ ಬಂದರೆ ಏನೂ ಆಗದು, ವಸಡು ಹಸಿಯಿದೆ, ಎರಡು ಮೂರು ದಿನದಲ್ಲಿ ನಿಲ್ಲುತ್ತದೆ ಎಂದೆ. ಅವನ ತಾಯಿಯ ಹತ್ತಿರವೂ ಮಾತನಾಡಿ, ರಾತ್ರಿ ಮಲಗುವ ಮೊದಲು ಮತ್ತೊಮ್ಮೆ ಉಜ್ಜಿಸಿ ಎಂದು ಹೇಳಿದೆ.